ಕ್ವಾಂಟಮ್ ಗಣಕಯಂತ್ರವೂ ಬಳ್ಳಾರಿ ಸೀಮೆಯ ಗೃಹಸ್ಥರೂ

2025ನೆಯ ಇಸವಿಯ ಮಳೆಗಾಲದಲ್ಲಿ ಕಾರ್ಯನಿಮಿತ್ತವಾಗಿ ನಾವು ಬಳ್ಳಾರಿಯಿಂದ ಸಿರುಗುಪ್ಪಕ್ಕೂ, ಹಿಂದಿರುಗುವಾಗ ಕುರುಗೋಡಿಗೂ ಹೋಗಬೇಕಾಗಿ ಬಂದಿತು. ತುಂಗಭದ್ರೆಯ ಕಾಲುವೆಗಳಿಗೆ ನೀರು ಬಿಟ್ಟಿದ್ದರು. ಸಿರುಗುಪ್ಪದ ಸುತ್ತಣ ಗದ್ದೆಗಳಲ್ಲಿ ಭತ್ತದ ನಾಟಿ ಭರದಿಂದ ನಡೆದಿದ್ದಿತು. ಊರೊಳಗೆ ಗೊಬ್ಬರದ ಅಂಗಡಿಯೊಂದರ ಮುಂದೆ ರೈತರು ಬೆಳಗಿನಿಂದಲೂ ಸಾಲುಗಟ್ಟಿ ನಿಂತಿದ್ದರು. ಆ ವರ್ಷ ನಾಡಿನ ಹಲವೆಡೆಗಳಲ್ಲಿ ಯೂರಿಯಾ ಗೊಬ್ಬರಕ್ಕೆ ಕೊರತೆಯುಂಟಾಗಿದ್ದುದು ವಾಚಕರಿಗೆ ನೆನಪಿರಬಹುದು. ಆ ಸಾಲಿನ ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾವು ಕುರುಗೋಡಿನ ಮಿತ್ರರೊಬ್ಬರ ಮನೆಯನ್ನು ಸೇರಿದೆವು.

ದೊಡ್ಡಬಸವೇಶ್ವರನ ಗುಡಿಯ ಭಾರಿ ನಂದಿಯ ದರ್ಶನ ಮಾಡಿಕೊಂಡು ಬಂದು ಪಡಸಾಲೆಯಲ್ಲಿ ಕುಳಿತೆವೋ ಇಲ್ಲವೋ, ಮಿತ್ರರು ಕರಿಯ ಬಿಲ್ಲೆಯೊಂದನ್ನು ನಮ್ಮ ಕೈಗಿತ್ತರು. ಅದು ‘ಕ್ವಾಂಟಮ್ ಪದಕ’ವಂತೆ, ಕೊರಳಲ್ಲಿ ಧರಿಸಿದರೆ ಮೊಣಕಾಲಿನ ನೋವು ಹೋಗುವುದಂತೆ, ತಿರುಗುವ ವ್ಯಾಪಾರಿಯೊಬ್ಬನು ಮೂರು ಸಾವಿರ ರೂಪಾಯಿಗೆ ಕೊಟ್ಟುಹೋಗಿದ್ದನು. ಅವರ ಮಗನ ಚಿಂತೆ ಬೇರೆ. ಕ್ವಾಂಟಮ್ ಗಣಕಯಂತ್ರ ಬಂದೊಡನೆ ಬ್ಯಾಂಕುಗಳ ಬೀಗವೆಲ್ಲ ಬಿಚ್ಚಿಹೋಗುವುದೆಂದು ಯಾರೋ ಹೇಳಿದ್ದರು; ಆದುದರಿಂದ ಠೇವಣಿಯನ್ನು ತೆಗೆದು ಬಂಗಾರ ಕೊಳ್ಳಬೇಕೆಂಬುದು ಆತನ ಹವಣಿಕೆ. ಮೊಮ್ಮಗಳದು ಇನ್ನೂ ಒಂದು ಬಗೆ. ಆಕೆ ಪಿ.ಯು.ಸಿ. ಎರಡನೆಯ ವರ್ಷದ ವಿದ್ಯಾರ್ಥಿನಿ. ಎಲ್ಲರಂತೆ ಇಂಜಿನಿಯರಿಂಗಿಗೆ ಹೋಗಲೊಲ್ಲೆ, ಭೌತಶಾಸ್ತ್ರವನ್ನೋದಿ ಈ ಕ್ವಾಂಟಮ್ ವಿದ್ಯೆಯನ್ನೇ ಕಲಿಯುವೆನೆಂದು ಹಟ ಹಿಡಿದಿದ್ದಳು. ಅದಕ್ಕಾಗಿ ಕಾಲುವೆ ಕೆಳಗಿನ ಒಂದು ಎಕರೆಯನ್ನು ಮಾರಬೇಕೆ ಬೇಡವೆ ಎಂಬ ಮಾತು ಮನೆಯಲ್ಲಿ ನಡೆದಿದ್ದಿತು.

ಒಂದೇ ಹೆಸರು ಒಂದೇ ಮನೆಯೊಳಗೆ ಔಷಧವಾಗಿಯೂ ಕಳ್ಳನಾಗಿಯೂ ವಿದ್ಯೆಯಾಗಿಯೂ ಹೊಕ್ಕಿರುವುದನ್ನು ಕಂಡು ನಮಗೆ ನಗೆ ಬಂದಿತಾದರೂ, ಹಣದ ಮತ್ತು ಹೊಲದ ಮಾತಿನಲ್ಲಿ ನಗುವುದು ಸಲ್ಲದು. ಅಂದು ಅವರಿಗೆ ಹೇಳಿದುದನ್ನೇ ತುಸು ಬೆಳಸಿ ಇಲ್ಲಿ ಬರೆಯುತ್ತೇವೆ.

ಪದಕದ ವಿಷಯವನ್ನು ಮೊದಲು ಮುಗಿಸಿಬಿಡೋಣ. ಅದಕ್ಕೂ ಕ್ವಾಂಟಮ್ ಶಾಸ್ತ್ರಕ್ಕೂ ಯಾವ ನಂಟೂ ಇಲ್ಲ. ಇಂತಹವು ನಿರುಪದ್ರವಿಗಳೆಂದು ಸುಮ್ಮನಿರುವಂತೆಯೂ ಇಲ್ಲ. 2021ರ ಡಿಸೆಂಬರ್ ತಿಂಗಳಿನಲ್ಲಿ ನೆದರ್ಲೆಂಡ್ಸ್ ದೇಶದ ವಿಕಿರಣ ಸುರಕ್ಷತೆಯ ಸರಕಾರಿ ಮಂಡಲಿಯು ಇಂತಹ ಹತ್ತು ಸರಕುಗಳನ್ನು ಪರೀಕ್ಷಿಸಿ, ಅವು ವಿಕಿರಣ ಸೂಸುವುವೆಂದೂ, ಬಹುಕಾಲ ಧರಿಸಿದರೆ ಚರ್ಮಕ್ಕೆ ಕೇಡೆಂದೂ ಎಚ್ಚರಿಕೆ ಕೊಟ್ಟಿತು. ಮಿತ್ರರ ಬಿಲ್ಲೆಯಲ್ಲಿ ಏನಿದ್ದಿತೋ ಬಲ್ಲವರಾರು? ಕೊರಳಿನಿಂದ ತೆಗೆಯಿರೆಂದೆವು, ತೆಗೆದರು. ಮೂರು ಸಾವಿರ ಹೋದುದು ಹೋಯಿತು.

ಇನ್ನು ಗಣಕಯಂತ್ರ. ನಮ್ಮ ಕೈಯೊಳಗಿನ ಮೊಬೈಲಿನಿಂದ ಹಿಡಿದು ದೊಡ್ಡ ಕಚೇರಿಗಳ ಯಂತ್ರಗಳವರೆಗೆ ಎಲ್ಲವೂ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳಲ್ಲಿ ಎಣಿಸುವುವು; ದೀಪ ಉರಿದರೆ ಒಂದು, ಆರಿದರೆ ಸೊನ್ನೆ ಎಂಬಂತೆ. ಕ್ವಾಂಟಮ್ ಯಂತ್ರದ ಅಂಕಿಗೆ ಕ್ಯೂಬಿಟ್ ಎಂದು ಹೆಸರು. ಅದು ನೋಡುವವರೆಗೂ ಸೊನ್ನೆಯ ಪಾಲನ್ನೂ ಒಂದರ ಪಾಲನ್ನೂ ಕೂಡಿಯೇ ಹೊತ್ತಿರಬಲ್ಲದು. ಇದನ್ನು ಕೇಳಿದವರು ಸಾಮಾನ್ಯವಾಗಿ, ಹಾಗಾದರೆ ಈ ಯಂತ್ರವು ಎಲ್ಲ ಉತ್ತರಗಳನ್ನೂ ಒಮ್ಮೆಗೇ ಪರೀಕ್ಷಿಸಿ ಸರಿಯಾದುದನ್ನು ಎತ್ತಿಕೊಡುವುದೆಂದು ತಿಳಿಯುತ್ತಾರೆ. ಪತ್ರಿಕೆಗಳೂ ಹಾಗೆಯೇ ಬರೆಯುತ್ತವೆ. ಇದು ತಪ್ಪು. ಯಂತ್ರವನ್ನು ನೋಡಿದ ಕೂಡಲೆ ಒಂದೇ ಉತ್ತರ ದೊರೆತು ಮಿಕ್ಕವೆಲ್ಲ ಅಳಿದುಹೋಗುತ್ತವೆ. ಸಿಕ್ಕಿದುದು ಸರಿಯಾದ ಉತ್ತರವೇ ಆಗುವಂತೆ ಮುಂಚಿತವಾಗಿಯೇ ಏರ್ಪಾಟು ಮಾಡಬೇಕು.

ಆ ಏರ್ಪಾಟನ್ನು ತೋರಿಸುವುದಕ್ಕೆ ನಾವು ಒಳಮನೆಯಿಂದ ಅಗಲವಾದ ಹಿತ್ತಾಳೆಯ ಪರಾತವನ್ನು ತರಿಸಿ ನೀರು ತುಂಬಿಸಿದೆವು. ಎರಡು ಬೆರಳುಗಳನ್ನು ತುಸು ದೂರದಲ್ಲಿ ಒಂದೇ ತಾಳದಲ್ಲಿ ಅದ್ದಿ ಅದ್ದಿ ಎತ್ತಿದರೆ ಎರಡು ಕಡೆಯಿಂದಲೂ ತೆರೆಗಳು ಹರಡಿ ಒಂದನ್ನೊಂದು ಹಾಯುತ್ತವೆ. ಏರಿಗೆ ಏರು ಕೂಡಿದಲ್ಲಿ ತೆರೆ ಇಮ್ಮಡಿಸುವುದು. ಏರಿಗೆ ಇಳಿ ಕೂಡಿದಲ್ಲಿ ನೀರು ಅಲುಗದೆ ನಿಲ್ಲುವುದು. ಕ್ಯೂಬಿಟ್‌ಗಳ ಪಾಲುಗಳೂ ಇಂತಹ ತೆರೆಗಳಂತೆಯೇ ವರ್ತಿಸುವುವು. ತಪ್ಪು ಉತ್ತರಗಳ ತೆರೆಗಳು ತಮ್ಮಷ್ಟಕ್ಕೆ ತಾವೇ ಅಳಿಸಿಹೋಗಿ ಸರಿಯುತ್ತರದ ತೆರೆ ಮಾತ್ರ ಬೆಳೆಯುವಂತೆ ಲೆಕ್ಕವನ್ನು ಹೊಂದಿಸುವುದೇ ಈ ವಿದ್ಯೆಯ ಗುಟ್ಟು. ಎಲ್ಲ ಲೆಕ್ಕಗಳಿಗೂ ಹೀಗೆ ಹೊಂದಿಸಲು ಬಾರದು. ಬರುವ ಲೆಕ್ಕಗಳು ಬೆರಳೆಣಿಕೆಯವು. ಆದರೆ ಅವು ಬಲು ದೊಡ್ಡ ಲೆಕ್ಕಗಳು.

ಚದುರಂಗದ ಮಣೆಯ ಮೊದಲ ಮನೆಯಲ್ಲಿ ಒಂದು ಕಾಳು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು, ಹೀಗೆ ಇಮ್ಮಡಿಸುತ್ತ ಹೋದರೆ ಅರುವತ್ತನಾಲ್ಕು ಮನೆಗಳಿಗೆ ಎಷ್ಟು ಭತ್ತ ಬೇಕೆಂಬ ಹಳೆಯ ಲೆಕ್ಕ ಎಲ್ಲರಿಗೂ ಗೊತ್ತು. ಆ ಸಂಖ್ಯೆ ಇಪ್ಪತ್ತು ಅಂಕಿಗಳದು. ಸಿರುಗುಪ್ಪದ ಗಿರಣಿಗಳ ಮಾತಿರಲಿ, ಇಡೀ ಜಗತ್ತಿನ ಗದ್ದೆಗಳು ಇಂದಿನಂತೆ ನೂರು ವರ್ಷ ಬೆಳೆದರೂ ಅಷ್ಟು ಭತ್ತವಾಗದು. ಒಂದೊಂದು ಕ್ಯೂಬಿಟ್ ಕೂಡಿದಂತೆಲ್ಲ ಯಂತ್ರದ ಸ್ಥಿತಿಯನ್ನು ಬರೆದಿಡಲು ಬೇಕಾದ ಸಂಖ್ಯೆಗಳು ಹೀಗೆಯೇ ಇಮ್ಮಡಿಸುತ್ತವೆ. ಮುನ್ನೂರು ಕ್ಯೂಬಿಟ್‌ಗಳಾದರೆ, ಕಾಣುವ ವಿಶ್ವದ ಪರಮಾಣುಗಳ ಎಣಿಕೆಯನ್ನೂ ಅವು ಮೀರುವುವು. ಅಣುಗಳೊಳಗಿನ ಎಲೆಕ್ಟ್ರಾನುಗಳ ಆಟವೂ ಇದೇ ಬಗೆಯದು. ಆದುದರಿಂದಲೇ ಸಾಧಾರಣ ಗಣಕಯಂತ್ರವು ಅದನ್ನು ಲೆಕ್ಕ ಹಾಕಲಾರದೆ ಸೋಲುತ್ತದೆ. ಪ್ರಕೃತಿಯೇ ಕ್ವಾಂಟಮ್ ನಿಯಮಕ್ಕೊಳಗಾಗಿರುವಾಗ ಅದನ್ನು ಅನುಕರಿಸುವ ಯಂತ್ರವೂ ಅದೇ ನಿಯಮದಲ್ಲಿ ನಡೆಯುವುದು ಲೇಸೆಂದು 1981ರಲ್ಲಿ ಅಮೆರಿಕದ ಭೌತಶಾಸ್ತ್ರಜ್ಞ ರಿಚರ್ಡ್ ಫೈನ್‌ಮನ್ ಸೂಚಿಸಿದರು. ಇಂದಿನ ಯತ್ನಗಳಿಗೆಲ್ಲ ಆ ಮಾತು ಮೂಲ.

ಇಲ್ಲಿಯೇ ನಮಗೆ ಸಿರುಗುಪ್ಪದ ಗೊಬ್ಬರದ ಸಾಲು ನೆನಪಾದುದು. ಗಾಳಿಯಲ್ಲಿ ನೂರಕ್ಕೆ ಎಪ್ಪತ್ತೆಂಟು ಪಾಲು ಸಾರಜನಕವೇ ಇದೆ. ಭತ್ತದ ಪೈರು ಅದರಲ್ಲಿ ಮುಳುಗಿ ನಿಂತಿದ್ದರೂ ಅದನ್ನು ಉಣ್ಣಲಾರದು. ಏಕೆಂದರೆ ಸಾರಜನಕದ ಎರಡು ಪರಮಾಣುಗಳು ಮೂರು ಗಂಟುಗಳಿಂದ ಬಿಗಿದುಕೊಂಡಿವೆ. ಆ ಗಂಟನ್ನು ಬಿಡಿಸಿ ಅಮೋನಿಯಾ ಮಾಡುವ ಉಪಾಯವನ್ನು 1909ರಲ್ಲಿ ಜರ್ಮನಿಯ ಫ್ರಿಟ್ಸ್ ಹಾಬರ್ ತೋರಿಸಿದರು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಅಳತೆಗೆ ಬೆಳಸಿದರು. 1913ರಲ್ಲಿ ಮೊದಲ ಕಾರ್ಖಾನೆ ನಡೆಯಿತು. ನಾಲ್ಕುನೂರು ಡಿಗ್ರಿಗೆ ಮೀರಿದ ಕಾವು, ವಾಯುಮಂಡಲದ ನೂರಾರು ಪಟ್ಟು ಒತ್ತಡ, ಇಷ್ಟಿಲ್ಲದೆ ಅದು ನಡೆಯದು. ಇಂದಿಗೂ ನಮ್ಮ ಯೂರಿಯಾ ಬರುವುದು ಈ ದಾರಿಯಿಂದಲೇ. ಜಗತ್ತು ವೆಚ್ಚಮಾಡುವ ಶಕ್ತಿಯಲ್ಲಿ ನೂರಕ್ಕೆ ಒಂದೆರಡು ಪಾಲು ಈ ಒಂದು ಕೆಲಸಕ್ಕೇ ಸಲ್ಲುವುದೆಂದು ಬಲ್ಲವರು ಎಣಿಸಿದ್ದಾರೆ. ರೈತನು ನಲವತ್ತೈದು ಕಿಲೋ ಚೀಲಕ್ಕೆ ಮುನ್ನೂರು ರೂಪಾಯಿಗಿಂತ ಕಡಿಮೆ ಕೊಡುವುದು ನಿಜ. ಮಿಕ್ಕ ಬೆಲೆಯನ್ನು ಬೊಕ್ಕಸವು ಹೊರುತ್ತದೆ, ಎಂದರೆ ನಾವೆಲ್ಲರೂ ಹೊರುತ್ತೇವೆ.

ಆದರೆ ಬಳ್ಳಾರಿಯ ಎರೆಹೊಲದ ಕಡಲೆಯ ಬೇರನ್ನು ಕಿತ್ತು ನೋಡಿ. ಶೇಂಗಾದ ಬೇರಾದರೂ ಸರಿಯೆ. ಅದರಲ್ಲಿ ಸಣ್ಣ ಸಣ್ಣ ಗಂಟುಗಳಿರುವುವು. ಆ ಗಂಟುಗಳೊಳಗಿನ ಜೀವಾಣುಗಳು ಬೆಂಕಿಯಿಲ್ಲದೆ, ಒತ್ತಡವಿಲ್ಲದೆ, ಹೊಲದ ಮಣ್ಣಿನ ತಂಪಿನಲ್ಲಿಯೇ ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡುತ್ತವೆ. ಭತ್ತದ ಗದ್ದೆಯಲ್ಲಿ ತೇಲುವ ಅಜೋಲಾದ ಎಲೆಯೊಳಗೆ ಮನೆಮಾಡಿದ ನೀಲಿಹಸಿರು ಪಾಚಿಯೂ ಇದೇ ಕೆಲಸ ಮಾಡುವುದು. ಇವುಗಳ ಕೈಯಲ್ಲಿರುವ ಉಪಕರಣ ನೈಟ್ರೋಜಿನೇಸ್ ಎಂಬ ಕಿಣ್ವ. ಅದರ ನಡುವೆ ಏಳು ಕಬ್ಬಿಣ, ಒಂಬತ್ತು ಗಂಧಕ, ಒಂದು ಮಾಲಿಬ್ಡಿನಮ್, ಒಂದು ಇಂಗಾಲ, ಇಷ್ಟು ಪರಮಾಣುಗಳ ಒಂದು ಗೊಂಚಲಿದೆ. ಹದಿನೆಂಟೇ ಪರಮಾಣುಗಳು! ಆದರೂ ಆ ಗೊಂಚಲಿನ ಎಲೆಕ್ಟ್ರಾನುಗಳು ಸಾರಜನಕದ ಗಂಟನ್ನು ಹೇಗೆ ಬಿಡಿಸುತ್ತವೆಂಬುದನ್ನು ಜಗತ್ತಿನ ಅತ್ಯಂತ ದೊಡ್ಡ ಗಣಕಯಂತ್ರವೂ ಪೂರ್ತಿಯಾಗಿ ಲೆಕ್ಕ ಹಾಕಿ ತೋರಿಸಿಲ್ಲ. ಕ್ವಾಂಟಮ್ ಯಂತ್ರಕ್ಕೆ ತಕ್ಕ ಕೆಲಸ ಯಾವುದೆಂದು ಕೇಳಿದಾಗ ವಿಜ್ಞಾನಿಗಳು ಮೊದಲು ಬೆರಳು ಮಾಡುವ ಕೆಲವೇ ಲೆಕ್ಕಗಳಲ್ಲಿ ಇದೂ ಒಂದು. 2017ರಲ್ಲಿ ಪ್ರಕಟವಾದ ಲೇಖನವೊಂದು ಈ ಲೆಕ್ಕವನ್ನು ನಡಸುವ ಬಗೆಯನ್ನು ವಿವರವಾಗಿ ಹೇಳಿತು. 2021ರ ಇನ್ನೊಂದು ಅಂದಾಜಿನಂತೆ, ಸುಮಾರು ನಲವತ್ತು ಲಕ್ಷ ಕ್ಯೂಬಿಟ್‌ಗಳ ಯಂತ್ರವಿದ್ದರೆ ನಾಲ್ಕು ದಿನಗಳೊಳಗೆ ಅದು ಮುಗಿದೀತು.

ಇದನ್ನು ಕೇಳಿ ಮಿತ್ರರ ಕಣ್ಣು ಅರಳಿತು. ನಾವು ಅವಸರವಾಗಿ ತಡೆದೆವು. ಕಿಣ್ವದ ಗುಟ್ಟು ತಿಳಿದ ಮಾತ್ರಕ್ಕೆ ಗೊಬ್ಬರ ಸುರಿಯದು. ಗುಟ್ಟು ತಿಳಿದ ಮೇಲೆ ಅದನ್ನು ಅನುಕರಿಸುವ ವಸ್ತುವನ್ನು ರಸಾಯನಜ್ಞರು ಹುಡುಕಬೇಕು, ಅದು ಅಗ್ಗವಾಗಬೇಕು, ಕಾರ್ಖಾನೆಯಾಗಬೇಕು. ಹಾಬರರ ಮೇಜಿನಿಂದ ಬಾಷರ ಕಾರ್ಖಾನೆಗೆ ನಾಲ್ಕೇ ವರ್ಷ ಹಿಡಿಯಿತೆಂಬುದು ಆಸೆ ಹುಟ್ಟಿಸುವ ಮಾತಾದರೂ, ಆ ಗುಟ್ಟಿನಿಂದ ಸಿರುಗುಪ್ಪದ ಅಂಗಡಿಯ ಸಾಲು ಕರಗುವುದನ್ನು ನಮ್ಮ ವಯಸ್ಸಿನವರು ಕಾಣುವೆವೆಂದು ನಾವು ನಂಬಿಲ್ಲ. ಆ ಹುಡುಗಿ ಕಂಡಾಳು.

ಏಕೆಂದರೆ, ಇಂದಿನ ಯಂತ್ರಗಳು ಇನ್ನೂ ತೊಟ್ಟಿಲ ಕೂಸುಗಳು. 2024ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ದೇಶರಕ್ಷಣಾ ಸಂಶೋಧನಾ ಇಲಾಖೆಯೊಡನೆ ಕೂಡಿ ಆರು ಕ್ಯೂಬಿಟ್‌ಗಳ ಯಂತ್ರವನ್ನು ನಡಸಿ ತೋರಿಸಿದರು. 2025ರ ಏಪ್ರಿಲ್‌ನಲ್ಲಿ ನಮ್ಮ ಬೆಂಗಳೂರಿನ ಕ್ಯೂಪಿಎಐ ಎಂಬ ಸಂಸ್ಥೆಯು ಇಪ್ಪತ್ತೈದು ಕ್ಯೂಬಿಟ್‌ಗಳ ‘ಇಂಡಸ್’ ಯಂತ್ರವನ್ನು ಹೊರತಂದಿತು. ಗೂಗಲ್ ಸಂಸ್ಥೆ 2024ರ ಡಿಸೆಂಬರಿನಲ್ಲಿ ತೋರಿಸಿದ ‘ವಿಲೋ’ದಲ್ಲಿ ನೂರೈದು ಕ್ಯೂಬಿಟ್‌ಗಳಿದ್ದುವು. ನಲವತ್ತು ಲಕ್ಷವೆಲ್ಲಿ, ನೂರೈದೆಲ್ಲಿ! ಅಲ್ಲದೆ ಈ ಬಗೆಯ ಯಂತ್ರಗಳು ಬಲು ಕೋಮಲ. ಬಳ್ಳಾರಿಯ ಬೇಸಗೆಯನ್ನು ಉಂಡವರು ಊಹಿಸುವುದೂ ಕಷ್ಟ: ಅವುಗಳ ಗರ್ಭವನ್ನು ಸೊನ್ನೆಗಿಂತ ಕೆಳಗೆ ಇನ್ನೂರ ಎಪ್ಪತ್ತಮೂರು ಡಿಗ್ರಿಯವರೆಗೆ ತಣಿಸಬೇಕು, ನಕ್ಷತ್ರಗಳ ನಡುವಣ ಬಯಲೂ ಅಷ್ಟು ತಣ್ಣಗಿಲ್ಲ. ಹಾಗೆ ತಣಿಸಿದರೂ ನೂರು ಹೆಜ್ಜೆಗೋ ಸಾವಿರ ಹೆಜ್ಜೆಗೋ ಒಂದು ತಪ್ಪು ಆಗಿಯೇ ತೀರುವುದು. ಕಿಣ್ವದ ಲೆಕ್ಕಕ್ಕಾದರೋ ನೂರಾರು ಕೋಟಿ ಹೆಜ್ಜೆಗಳು ಬೇಕು. ಅದಕ್ಕಾಗಿ ಅನೇಕ ಕ್ಯೂಬಿಟ್‌ಗಳನ್ನು ಒಟ್ಟುಗೂಡಿಸಿ, ಒಂದರ ತಪ್ಪನ್ನು ಇನ್ನೊಂದು ಹಿಡಿಯುವಂತೆ ಕಾವಲಿಡಬೇಕಾಗಿದೆ. ಕೂಟವನ್ನು ದೊಡ್ಡದು ಮಾಡಿದಷ್ಟೂ ತಪ್ಪು ಕಡಿಮೆಯಾಗುವುದೆಂದು ವಿಲೋ ತೋರಿಸಿತು. ಮುಂಚೆ ಹಲವೆಡೆ ಕೂಟ ಬೆಳೆದಂತೆ ತಪ್ಪೂ ಬೆಳೆಯುತ್ತಿದ್ದಿತು. ಕ್ಯೂಬಿಟ್‌ಗಳ ಎಣಿಕೆಗಿಂತ ಈ ಒಂದು ಸಂಗತಿಯೇ ನಮಗೆ ಹೆಚ್ಚು ಭರವಸೆಯದಾಗಿ ತೋರುತ್ತದೆ.

ಬ್ಯಾಂಕಿನ ಮಾತಿಗೆ ಬರೋಣ. ಅರುವತ್ತೊಂದನ್ನು ಐವತ್ತಮೂರರಿಂದ ಗುಣಿಸೆಂದರೆ ಶಾಲೆಯ ಹುಡುಗನು 3233 ಎಂದು ಕ್ಷಣದಲ್ಲಿ ಹೇಳಿಯಾನು. 3233 ಯಾವ ಎರಡು ಸಂಖ್ಯೆಗಳ ಗುಣಲಬ್ಧವೆಂದು ಕೇಳಿದರೆ ತಲೆ ಕೆರೆದುಕೊಳ್ಳುವನು. ಆರುನೂರಕ್ಕೂ ಹೆಚ್ಚು ಅಂಕಿಗಳ ಸಂಖ್ಯೆಯಾದರೆ ಇಂದಿನ ಯಂತ್ರಗಳೂ ಕೈಚೆಲ್ಲುವುವು. 1977ರಲ್ಲಿ ಹುಟ್ಟಿದ ಆರ್‌ಎಸ್‌ಎ ಎಂಬ ಬೀಗ ನಿಂತಿರುವುದು ಈ ಕಷ್ಟದ ಮೇಲೆ. ಕ್ವಾಂಟಮ್ ಯಂತ್ರಕ್ಕೆ ಈ ಲೆಕ್ಕ ಸುಲಭವೆಂದು 1994ರಲ್ಲಿ ಪೀಟರ್ ಶೋರ್ ಎಂಬ ಗಣಿತಜ್ಞರು ತೋರಿಸಿದರು. ಮಿತ್ರರ ಮಗನ ಭಯ ಕಟ್ಟುಕತೆಯೇನೂ ಅಲ್ಲ. ಆದರೆ 2001ರಲ್ಲಿ ಐಬಿಎಂ ಸಂಸ್ಥೆಯವರು ಈ ವಿಧಾನದಿಂದ ಒಡೆದ ಸಂಖ್ಯೆ ಯಾವುದು ಬಲ್ಲಿರಾ? ಹದಿನೈದು! ಮೂರೈದಲೆ ಹದಿನೈದೆಂದು ತಿಳಿಯಲು ಅಷ್ಟು ಸಾಹಸ. ನಿಜವಾದ ಬೀಗವನ್ನೊಡೆಯಲು ಎರಡು ಕೋಟಿ ಕ್ಯೂಬಿಟ್‌ಗಳು ಬೇಕೆಂದು ಗೂಗಲ್‌ನ ಸಂಶೋಧಕರು 2019ರಲ್ಲಿ ಲೆಕ್ಕ ಹಾಕಿದ್ದರು. 2025ರಲ್ಲಿ ಹತ್ತು ಲಕ್ಷಕ್ಕಿಂತ ಕಡಿಮೆ ಸಾಕೆಂದು ಹೊಸ ಅಂದಾಜು ಬಂದಿತು. ಯಂತ್ರ ಮೇಲೇರುತ್ತಿದೆ, ಬೇಕಾದ ಅಳತೆ ಕೆಳಗಿಳಿಯುತ್ತಿದೆ. ಎರಡೂ ಎಂದಾದರೂ ಸಂಧಿಸುವುವು.

ಅದಕ್ಕೆ ಮುಂಚೆಯೇ ಬೀಗವನ್ನು ಬದಲಿಸುವ ಕೆಲಸ ನಡೆದಿದೆ. ಅಮೆರಿಕದ ಮಾನಕ ಸಂಸ್ಥೆಯು 2024ರ ಆಗಸ್ಟ್‌ನಲ್ಲಿ, ಕ್ವಾಂಟಮ್ ಯಂತ್ರಕ್ಕೂ ಸುಲಭವಲ್ಲದ ಹೊಸ ಬೀಗಗಳ ಮೂರು ಮಾನಕಗಳನ್ನು ಪ್ರಕಟಿಸಿತು. ಬೇರೊಂದು ದಾರಿಯಾಗಿ, ಬೆಳಕಿನ ಕಣಗಳಿಂದಲೇ ಗುಪ್ತಕೀಲಿಯನ್ನು ಕಳುಹಿಸಿ, ನಡುವೆ ಯಾರು ಇಣುಕಿದರೂ ಗೊತ್ತಾಗುವಂತೆ ಮಾಡುವ ಪ್ರಯೋಗಗಳುಂಟು, ಸಿ.ವಿ. ರಾಮನ್ನರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಊರ್ಬಸಿ ಸಿನ್ಹಾ ಅವರ ತಂಡದವರು 2021ರಲ್ಲಿ ಎರಡು ಕಟ್ಟಡಗಳ ನಡುವೆ ಇದನ್ನು ಸಾಧಿಸಿದರು. ಗೃಹಸ್ಥನು ಮಾಡಬೇಕಾದುದು ಕಡಿಮೆ: ಮೊಬೈಲು ತನ್ನ ತಂತ್ರಾಂಶವನ್ನು ನವೀಕರಿಸಬೇಕೆಂದಾಗ ಮುಂದೂಡದೆ ಒಪ್ಪುವುದು. ಹತ್ತಾರು ವರ್ಷ ಗುಟ್ಟಾಗಿರಬೇಕಾದ ರಾಜ್ಯದ ಕಾಗದಗಳನ್ನೂ ವೈದ್ಯರ ದಾಖಲೆಗಳನ್ನೂ ಈಗಲೇ ಕದ್ದಿಟ್ಟುಕೊಂಡು ಮುಂದೆ ಬಿಚ್ಚುವವರಿರಬಹುದಾದುದರಿಂದ ಸರಕಾರಗಳಿಗೆ ಅವಸರವಿದೆ. ನಮ್ಮ ಮಿತ್ರರ ಠೇವಣಿಗೆ ಅಂತಹ ಅವಸರವಿಲ್ಲ. ಇಂದು ಬಳ್ಳಾರಿಯಲ್ಲಿ ಹಣ ಕಳೆದುಕೊಳ್ಳುವವರು ಕಳೆದುಕೊಳ್ಳುತ್ತಿರುವುದು ಫೋನಿನಲ್ಲಿ ಕೇಳಿದವರಿಗೆ ಓಟಿಪಿ ಹೇಳಿಯೇ ಹೊರತು ಗಣಿತದಿಂದಲ್ಲ. ಠೇವಣಿ ಮುರಿಯುವ ಮಾತು ಅಲ್ಲಿಗೇ ನಿಂತಿತು.

ಗಿರಣಿಯ ಲಾರಿಗಳಿಗೆ ಹತ್ತಿರದ ದಾರಿ, ಕಾಲುವೆಯ ನೀರಿನ ಹಂಚಿಕೆ, ಮಳೆಯ ಮುನ್ಸೂಚನೆ, ಇವೆಲ್ಲವನ್ನೂ ಈ ಯಂತ್ರ ಸುಧಾರಿಸುವುದೆಂದು ಹೇಳುವವರುಂಟು. ಹುಡುಕುವ ಕೆಲಸದಲ್ಲಿ ಸ್ವಲ್ಪ ಲಾಭವುಂಟೆಂದು 1996ರಲ್ಲಿ ಲವ್ ಗ್ರೋವರ್ ತೋರಿಸಿದುದು ನಿಜ: ಕ್ರಮವಿಲ್ಲದ ಹತ್ತು ಲಕ್ಷ ಹೆಸರುಗಳಲ್ಲಿ ಒಂದನ್ನು ಹುಡುಕಲು ಸಾವಿರದೊಳಗಿನ ಹೆಜ್ಜೆಗಳು ಸಾಕು. ಆದರೆ ಒಂದೊಂದು ಹೆಜ್ಜೆಯೂ ಇಂದಿನ ಯಂತ್ರಗಳದಕ್ಕಿಂತ ಎಷ್ಟೋ ನಿಧಾನ. ಲಾರಿಗಳ ಲೆಕ್ಕದಲ್ಲಿ ಸಾಧಾರಣ ಯಂತ್ರವನ್ನು ಮೀರಿಸಿದ ಉದಾಹರಣೆಯನ್ನು ನಾವು ಕಂಡಿಲ್ಲ. ಈ ಹೆಸರಿನಲ್ಲಿ ಯಾರಾದರೂ ಗಿರಣಿಯವರಿಗೆ ಸರಕು ಮಾರಲು ಬಂದರೆ ಪದಕದ ಕತೆಯನ್ನು ನೆನೆಯಬಹುದು.

ಈ ಯಂತ್ರದ ದಾಯಾದಿಗಳು ಮಾತ್ರ ಬೇಗ ಮನೆಗೆ ಬಂದಾವು. ಪರಮಾಣುಗಳನ್ನೇ ತಕ್ಕಡಿಯಾಗಿಸಿ ಭೂಮಿಯ ಸೆಳೆತದ ಅತಿಸೂಕ್ಷ್ಮ ವ್ಯತ್ಯಾಸವನ್ನು ಅಳೆಯುವ ಉಪಕರಣದಿಂದ, 2022ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದವರು ನೆಲದಡಿಯ ಸುರಂಗವೊಂದನ್ನು ಅಗೆಯದೆಯೇ ಪತ್ತೆಮಾಡಿದರು. ಸೊಂಡೂರಿನ ಗಣಿಗಳನ್ನೂ ಬತ್ತಿದ ಕೊಳವೆಬಾವಿಗಳನ್ನೂ ಬಲ್ಲ ನಮ್ಮ ಸೀಮೆಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಳಿದುದು ಹುಡುಗಿಯ ಪ್ರಶ್ನೆ. ಇದೇ ಎಲ್ಲಕ್ಕಿಂತ ಕಷ್ಟದ್ದು. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರವು ರಾಷ್ಟ್ರೀಯ ಕ್ವಾಂಟಮ್ ಮಿಷನ್ನಿಗೆ 6003.65 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. 2031ರೊಳಗೆ ಐವತ್ತರಿಂದ ಸಾವಿರ ಕ್ಯೂಬಿಟ್‌ಗಳ ಯಂತ್ರ ಅದರ ಗುರಿಗಳಲ್ಲೊಂದು. ಅದರ ನಾಲ್ಕು ಕೇಂದ್ರಗಳಲ್ಲಿ ಗಣಕಯಂತ್ರದ ಕೇಂದ್ರವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದೆ. ಅಲ್ಲಿ ಈ ವಿಷಯದಲ್ಲಿ ಎಂ.ಟೆಕ್. ವ್ಯಾಸಂಗವೂ ಇದೆ. ನಮ್ಮ ನೆರೆಯ ಆಂಧ್ರದವರೂ ಅಮರಾವತಿಯಲ್ಲಿ ಐಬಿಎಂನ ದೊಡ್ಡ ಯಂತ್ರವನ್ನಿರಿಸುವುದಾಗಿ 2025ರಲ್ಲಿ ಸಾರಿದರು. ಅದೇ ವರ್ಷ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವು ಜಾನ್ ಕ್ಲಾರ್ಕ್, ಮಿಶೆಲ್ ಡೆವೊರೆ, ಜಾನ್ ಮಾರ್ಟಿನಿಸ್ ಈ ಮೂವರಿಗೆ ಸಂದಿತು. ಅವರು ಪ್ರಯೋಗ ಮಾಡಿದುದು 1984-85ರಲ್ಲಿ. ಫಲ ಕೈಗೆ ಬರಲು ನಲವತ್ತು ವರ್ಷ! ಇದನ್ನೂ ನಾವು ಮುಚ್ಚಿಡಲಿಲ್ಲ.

ಆದುದರಿಂದ ನಾವು ಕೊಟ್ಟ ಸಲಹೆ ಇಷ್ಟು. ಹೊಲವನ್ನು ಈಗ ಮಾರಬೇಡಿ. ‘ಕ್ವಾಂಟಮ್’ ಎಂಬ ಹೆಸರು ಹಚ್ಚಿ ಆರು ತಿಂಗಳಿಗೆ ಲಕ್ಷ ರೂಪಾಯಿ ಕೇಳುವ ತರಗತಿಗಳಿಗೆ ಸೇರಿಸಬೇಡಿ. ಈ ವಿದ್ಯೆಗೆ ಬುನಾದಿ ಗಣಿತ ಮತ್ತು ಭೌತಶಾಸ್ತ್ರ. ಅವನ್ನು ಬಳ್ಳಾರಿಯ ಕಾಲೇಜುಗಳಲ್ಲಿಯೇ ಬಿ.ಎಸ್ಸಿ.ಗೆ ಕಲಿಯಬಹುದು, ಆಮೇಲಣ ದಾರಿ ಪ್ರವೇಶಪರೀಕ್ಷೆಗಳದು, ವಿದ್ಯಾರ್ಥಿವೇತನಗಳದು. ಗಣಕಯಂತ್ರ ಬೇಗ ಬಾರದಿದ್ದರೂ ಆ ಎರಡು ವಿದ್ಯೆಗಳು ವ್ಯರ್ಥವಾಗುವಂತಹವಲ್ಲ. ಮಗನು ಇದನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಇಂಜಿನಿಯರಿಂಗ್ ಮುಗಿಸಿದವರಿಗೆ ಸಿಕ್ಕುವ ಸಂಬಳವನ್ನು ಎಣಿಸಿ ಎಣಿಸಿ ಹೇಳಿದನು. ಆತನ ಲೆಕ್ಕವೂ ಸುಳ್ಳಾಗಿರಲಿಲ್ಲ. ಮಿತ್ರರು ಮಾತ್ರ ಮೊಣಕಾಲನ್ನು ನೀವಿಕೊಳ್ಳುತ್ತ ಸುಮ್ಮನಿದ್ದರು.

ಹುಡುಗಿ ಈ ಚರ್ಚೆಯನ್ನು ಕೇಳುತ್ತಿರಲೇ ಇಲ್ಲವೆಂದು ತೋರುತ್ತದೆ. ಪರಾತದ ಮುಂದೆ ಕುಳಿತು ಮತ್ತೆ ಮತ್ತೆ ಎರಡು ಬೆರಳುಗಳನ್ನು ಅದ್ದುತ್ತಿದ್ದವಳು ತಟ್ಟನೆ ತಲೆಯೆತ್ತಿ, “ನೀರು ಅಲುಗದೆ ನಿಂತ ಕಡೆ ತೆರೆಯ ಬಲವೆಲ್ಲ ಎಲ್ಲಿ ಹೋಯಿತು?” ಎಂದು ಕೇಳಿದಳು. ನಾವು ಉತ್ತರಿಸುವಷ್ಟರಲ್ಲಿಯೇ, ಪಕ್ಕದಲ್ಲಿ ಇಮ್ಮಡಿಸಿ ಏರುತ್ತಿದ್ದ ತೆರೆಯನ್ನು ತಾನೇ ತೋರಿಸಿ, “ಇಲ್ಲಿಗೆ ಬಂದಿದೆ” ಎಂದಳು. ಒಳಗಿನಿಂದ ಆಕೆಯ ಅಜ್ಜಿ, ಪರಾತವನ್ನು ಬೇಗ ಬರಿದುಮಾಡಿ ಕೊಡಿರೆಂದೂ ರೊಟ್ಟಿಗೆ ಹಿಟ್ಟು ನಾದುವುದಕ್ಕೆ ಹೊತ್ತಾಯಿತೆಂದೂ ಕೂಗಿದರು.